ತೊಳೆದ ಆನೆ

ಸಕ್ರೆಬೈಲಿನಲ್ಲಿ ಆನೆಯೊಂದು ನನ್ನ ಬಸ್ಸು ಹತ್ತಿತು.
ಮುಸ್ಸಂಜೆ, ಹತ್ತು ರೂಪಾಯಿ ಅಂದುಕೊಂಡೇ ಚೀಲಕ್ಕೆ ಹಾಕಿದ್ದೆ.
ರಾತ್ರಿ ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ
ಹಾಲಪ್ಪ ಅದನ್ನು ಬೆರಳಲ್ಲಿ ಆಚೆ ತಳ್ಳಿದ:
"ಇದು ನಡೆಯಲ್ಲ ಕಣಕ್ಕಾ."
ನಡೆಯದ್ದು ಹೌದು. ನಿಂತಿತ್ತು.
ತಾಮ್ರದ ಆನೆ, ಸೊಂಡಿಲು ಇಳಿಬಿಟ್ಟು,
ಬಾಲ ಒಂಚೂರು ಎತ್ತಿ, ಇನ್ನೇನು ಲದ್ದಿ ಹಾಕುವ ಹಾಗೆ.
ನನ್ನ ಪರ್ಸಿನಿಂದ ಹತ್ತು ರೂಪಾಯಿ ತುಂಬಿದೆ.
ಆನೆ ನನ್ನದಾಯಿತು.

ಹದಿನೇಳು ವರ್ಷದಿಂದ ಕೂಡಿಸುತ್ತಿದ್ದೇನೆ,
ಚೀಲಕ್ಕೆ ಬಂದದ್ದನ್ನೇ. ಇಸವಿಯ ಕೆಳಗೆ ಚುಕ್ಕಿಯಿದ್ದರೆ ನೋಯ್ಡಾ,
ನಕ್ಷತ್ರವಾದರೆ ಹೈದರಾಬಾದು, ಏನೂ ಇಲ್ಲದಿದ್ದರೆ ಕಲ್ಕತ್ತ.
ಚಿಲ್ಲರೆ ಎಲ್ಲಮ್ಮಾ ಅಂತ ಜನ ಬೈಯುವಾಗ
ನಾನು ಚುಕ್ಕಿ ಹುಡುಕುತ್ತಿರುತ್ತೇನೆ.

ದುರ್ಗಿಗುಡಿಯ ಹಲ್ಲಿನ ಡಾಕ್ಟರಿಗೂ ಇದೇ ಹುಚ್ಚು;
ಅವರ ಹೆಸರಲ್ಲೇ ಪೈ. ಮನೆಯಲ್ಲಿ ಏಳಾನೆ ಕಟ್ಟಿದ್ದಾರೆ.
ಬಾಯಿ ನೋಡುವ ಕನ್ನಡಿಯಲ್ಲಿ ನನ್ನದರ ಹಿಂದುಮುಂದು ನೋಡಿ
"ಪಾರ್ಸಿ ಬರಹ. ನಗರದ ಟಂಕಸಾಲೆ" ಅಂದರು.
ನಗರ! ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿದರೆ ಸಿಗುವ ಊರು.
ಅಲ್ಲಿಂದ ನನ್ನ ಚೀಲ ಮುಟ್ಟಲು
ಇನ್ನೂರ ಮೂವತ್ತು ವರ್ಷ. ಯಾವ ಬಸ್ಸೋ!

ಮುಂಬೈಗೆ ಕಳಿಸಿದೆ. ಅಲ್ಲೊಂದು ಕಂಪನಿ
ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು
ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಸೆದು ವಾಪಸು ಕಳಿಸುತ್ತದೆ.
ಫೀಸು, ನನ್ನ ಎರಡು ದಿನದ ಓಟಿ.
ಮೂವತ್ತೈದು ಬಂತು. ಪಾಸು!
ಎಸ್ಸೆಲ್ಸಿ ಗಣಿತದಲ್ಲಿ ನಾನು ತೆಗೆದದ್ದೂ ಅಷ್ಟೇ,
ಅವತ್ತು ಅಪ್ಪ ಇಡೀ ಕೇರಿಗೆ ಬತ್ತಾಸು ಹಂಚಿದ್ದರು.

ಪೈ ನಕ್ಕರು, ದವಡೆಹಲ್ಲಿನ ತನಕ.
"ಮುಂಬೈಯವರದು ಧಾರಾಳ ಕೈ, ಮಂಗಳಾ,
ಬೀಗರೂಟದ ಹಾಗೆ ಬಡಿಸ್ತಾರೆ. ನನ್ನವೆಲ್ಲ ಚೆನ್ನೈ ಡಬ್ಬಿ.
ಅಲ್ಲಿ ಮೂವತ್ತು ಅಂದರೆ ಮೂವತ್ತು."
ಛಲ ಹತ್ತಿತು. ಕಾಯಿ ಒಡೆಯುವ ಕತ್ತಿಯ ಹಿಂಬದಿಯಿಂದ
ಮುಂಬೈಗೆ ಎರಡು ಏಟು. ಡಬ್ಬಿ ಒಡೆದರೆ ಅಂಕವೂ ಹೋಯಿತು,
ಚೀಟಿ ಮಾತ್ರ ಎತ್ತಿಟ್ಟುಕೊಂಡೆ.
ನಲವತ್ತು ದಿನದ ಮೇಲೆ ಚೆನ್ನೈಯಿಂದ ಬಂತು.
ಅಂಕವಿರಬೇಕಾದ ಜಾಗ ಖಾಲಿ.
ಕೆಳಗೆ ಇರುವೆಸಾಲಿನಂಥ ಇಂಗ್ಲಿಷು:
ತೊಳೆದದ್ದು. ಅಂಕಕ್ಕೆ ಅರ್ಹವಲ್ಲ.

ಸವಳಂಗ ರಸ್ತೆಯ ಕಲ್ಯಾಣಮಂಟಪದಲ್ಲಿ ಸ್ಪರ್ಧೆ.
ಪೈಯವರ ಆನೆಗೆ ನಲವತ್ತು. ನನ್ನದು ಸ್ನಾನ ಮಾಡಿದ ಆನೆ.
ನಾನು ಹಳೇ ಚೀಟಿ ತೆಗೆದು ಮೇಜಿನ ಮೇಲಿಟ್ಟೆ.
ತೀರ್ಪುಗಾರರಲ್ಲಿ ಒಬ್ಬರು ಮುಂಬೈ, ಇನ್ನೊಬ್ಬರು ಚೆನ್ನೈ,
ಮೂರನೆಯವರು ಉಪ್ಪಿಟ್ಟು.
ಜಗಳ ಊಟದ ಹೊತ್ತು ದಾಟಿತು. ಕೊನೆಗೆ ಬಹುಮಾನ
ಭದ್ರಾವತಿಯ ಒಂದು ಹುಡುಗಿಗೆ. ಅವಳು ಜೋಡಿಸಿದ್ದು
ಸವೆದು ಸವೆದು ಯಾವ ರಾಜನದೆಂದೂ ಗೊತ್ತಾಗದ
ಮೂವತ್ತು ಬೋಳು ಬಿಲ್ಲೆ.

ಆಮೇಲೊಂದು ಬುಧವಾರ, ಅದೇ ಸ್ಟಾಪಿನಲ್ಲಿ
ಬಿಡಾರದ ಹಳೇ ಕಾವಾಡಿ ಬುಡನ್ ಸಾಬರು ಹತ್ತಿದರು.
"ಅಮ್ಮಾ, ನನ್ನ ಆನೆ ನಿಮ್ಮ ಬಸ್ಸಲ್ಲೇನಾದರೂ ಬಿತ್ತಾ?"
ಇಲ್ಲ ಅನ್ನಲು ಬಾಯಿ ತೆರೆದೆ.
ಕೈ ಅಷ್ಟರಲ್ಲಿ ಡಬ್ಬಿ ತೆಗೆದಿತ್ತು.
ಅವರು ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ.
"ಏನು ಬರೆದಿದ್ದಾರೆ ಇದರಲ್ಲಿ?"
ತೊಳೆದಿದೆ ಅಂತ, ಅಂದೆ.
"ಹೌದಲ್ಲ. ಶುಕ್ರವಾರ ಶುಕ್ರವಾರ, ಹುಣಸೆಹಣ್ಣು ಹಾಕಿ.
ಆನೆ ತೊಳೆಯದೆ ಬಿಡ್ತಾರೇನಮ್ಮಾ?"
ನಗಲಿಲ್ಲ ಅವರು. ತುಂಗೆಯ ಹಿನ್ನೀರಿನಲ್ಲಿ
ಮೂವತ್ತು ವರ್ಷ ಕಿವಿಯ ಹಿಂದೆಲ್ಲ ಉಜ್ಜಿದ ಕೈ ಅದು.

ಗಾಜನೂರು ಬಂತು. ಹತ್ತರ ನೋಟು ಚಾಚಿದರು:
ಅವತ್ತಿನ ಟಿಕೇಟಿನ ಬಾಕಿ. ಇಸಿದುಕೊಂಡೆ.
ಡಬ್ಬಿ ತೆಗೆಯೋದು ಹೇಗೆ ಅಂದರು.
ಕಲ್ಲಿನ ಮೇಲಿಟ್ಟು ಒಂದು ಹಾಕಿ, ಅಂದೆ.

ಪೈಗೆ ಇನ್ನೂ ಹೇಳಿಲ್ಲ.
ಕೇಳಿದರೆ, ಮೂರನೇ ಕಂಪನಿಗೆ ಕಳಿಸಿದ್ದೇನೆ ಅನ್ನುತ್ತೇನೆ.